ಪದಚರ್ಚೆ: ಶಾಂತಿ ಮಾತುಕತೆಗೆ ಕೂತ ಹೆಣ್ಣಿಗೆ ಕನ್ನಡದಲ್ಲಿ ಹೆಸರೇನು?

ಬಳಗದ ಹಿರಿಯರಿಗೂ ಗೆಳೆಯರಿಗೂ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ನಮಸ್ಕಾರ.

ನಮ್ಮ ಊರಿನ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಗುಂಪುಗಳ ಜಾಲ) ಹೆಂಗಸರಿಗೆಂದು ಒಂದು ಸಣ್ಣ ಪುಸ್ತಿಕೆ ತಯಾರಾಗುತ್ತಿದೆ. ಯುದ್ಧ ನಿಲ್ಲಿಸುವುದರಲ್ಲಿ, ನಿಂತ ಮೇಲೆ ಊರು ಕಟ್ಟುವುದರಲ್ಲಿ ಬೇರೆ ಬೇರೆ ದೇಶಗಳ ಹೆಂಗಸರು ಏನೇನು ಮಾಡಿದ್ದಾರೆ ಎಂಬುದು ಅದರ ವಿಷಯ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2000ದ ಅಕ್ಟೋಬರ್ 31ರಂದು ಒಮ್ಮತದಿಂದ ಅಂಗೀಕರಿಸಿದ 1325ನೇ ನಿರ್ಣಯದಿಂದ ಪುಸ್ತಿಕೆ ಶುರುವಾಗುತ್ತದೆ. ಶಾಂತಿ ಮಾತುಕತೆಯಲ್ಲೂ ಶಾಂತಿ ಕಟ್ಟುವುದರಲ್ಲೂ ಹೆಂಗಸರಿಗೆ ಪಾಲು ಇರಬೇಕು ಎನ್ನುವ ನಿರ್ಣಯ ಅದು. ಮಲಯಾಳದ ಬರಹ ಸಿದ್ಧವಾಗಿದೆ. ಕನ್ನಡ ಓದುವ ಮನೆಗಳಿಗೆ ಅದನ್ನು ಕನ್ನಡದಲ್ಲಿ ಬರೆದುಕೊಡುವ ಹೊಣೆ ನನ್ನದು. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲು ‘ಸಮಾಧಾನ’. ಮಲಯಾಳದಲ್ಲಿ ಶಾಂತಿಗೆ ದಿನಬಳಕೆಯ ಪದವೇ ಇದು. ನಾವು ಶಾಂತಿ ಮಾತುಕತೆ ಎನ್ನುವುದು ಅಲ್ಲಿ ‘ಸಮಾಧಾನ ಚರ್ಚ’, ಶಾಂತಿಪಾಲನಾ ಪಡೆ ‘ಸಮಾಧಾನ ಸೇನ’. ಎರಡೂ ಭಾಷೆಯಲ್ಲಿ ಬೆಳೆದ ನಮ್ಮ ಕಡೆಯವರಿಗೆ ಕನ್ನಡದಲ್ಲೂ ಹಾಗೆಯೇ ಬರೆದರೆ ತಪ್ಪೇನು ಅನ್ನಿಸುತ್ತದೆ. ಆ ಪದಕ್ಕೆ ಮಲಯಾಳದಲ್ಲಿ ಇನ್ನೊಂದು ಅರ್ಥವೂ ಉಂಟು: ‘ಆರು ಸಮಾಧಾನಂ ಪರಯುಂ?’ ಎಂದರೆ ಇದಕ್ಕೆ ಜವಾಬು ಕೊಡುವವರು ಯಾರು ಎಂದು. ನಮ್ಮ ಶಾಸ್ತ್ರಗ್ರಂಥಗಳಲ್ಲೂ ಆಕ್ಷೇಪಕ್ಕೆ ಸಮಾಧಾನ ಹೇಳುವ ಕ್ರಮ ಇದೆ. ಶಾಂತಿಯ ಪದದೊಳಗೆ ಉತ್ತರ ಕೊಡುವ ಹೊಣೆಯೂ ಸೇರಿರುವುದು ನನಗೆ ಬಹಳ ಇಷ್ಟವಾಯಿತು.

ಆದರೂ ಕನ್ನಡಕ್ಕೆ ಅದನ್ನು ತರಲು ನನ್ನ ಮನಸ್ಸು ಒಪ್ಪುವುದಿಲ್ಲ. ಇವತ್ತಿನ ಕನ್ನಡದಲ್ಲಿ ಅತ್ತವರನ್ನು ಸಮಾಧಾನ ಮಾಡುತ್ತೇವೆ, ಸಿಟ್ಟಾದವರನ್ನು ಸಮಾಧಾನಪಡಿಸುತ್ತೇವೆ. ಗಂಡನ ಮನೆಯ ಕಷ್ಟ ಹೇಳಿಕೊಂಡು ತವರಿಗೆ ಬಂದವಳಿಗೆ ‘ಸಮಾಧಾನ ಮಾಡಿಕೋ ಮಗಾ’ ಅನ್ನುತ್ತೇವೆ. ಹೆಂಗಸರ ಶಾಂತಿಕೆಲಸಕ್ಕೆ ಈ ಪದ ಹಾಕಿದರೆ ಕಣ್ಣೀರು ಒರೆಸುವುದು, ಸಹಿಸಿಕೊಳ್ಳುವುದು ಎಂಬಲ್ಲಿಗೇ ಓದುವವರ ಮನಸ್ಸು ಹೋಗುತ್ತದೆ. ಅಂತರ್ಯುದ್ಧ ನಿಲ್ಲಿಸಲು ಲೈಬೀರಿಯಾದ ಹೆಂಗಸರು 2003ರಲ್ಲಿ ಮಾಡಿದ್ದು ಅದಲ್ಲ. ಲೇಮಾ ಗ್ಬೋವೀ ಅವರ ಮುಂದಾಳ್ತನದಲ್ಲಿ ಕ್ರೈಸ್ತರೂ ಮುಸ್ಲಿಮರೂ ಒಟ್ಟಾಗಿ ಬಿಳಿ ಬಟ್ಟೆ ಉಟ್ಟು ಬೀದಿಗಿಳಿದರು. ಮಾತುಕತೆ ಘಾನಾದಲ್ಲಿ ಎಳೆಯುತ್ತಾ ಹೋದಾಗ ಅಲ್ಲಿಗೂ ಹೋಗಿ ಸಭಾಂಗಣದ ಬಾಗಿಲಿಗೆ ಅಡ್ಡ ಕೂತರು. ನಿಜವಾದ ಮಾತುಕತೆ ಆಗದೆ ಯಾರನ್ನೂ ಹೊರಗೆ ಬಿಡುವುದಿಲ್ಲ ಎಂದರು. ಅದೇ ಆಗಸ್ಟ್ 18ರಂದು ಅಕ್ರಾದಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಇದನ್ನು ಸಮಾಧಾನ ಎಂದು ಬರೆಯಲು ಕೈ ಬರುವುದಿಲ್ಲ.

ನನ್ನ ಮುಖ್ಯ ಪ್ರಶ್ನೆ ‘ಸಂಧಾನ’ದ್ದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರಾದ ನಮಗೆ ಸಂಧಾನ ಎಂದ ಕೂಡಲೇ ತಾಳಮದ್ದಳೆಯ (ವೇಷ, ಕುಣಿತ ಇಲ್ಲದ, ಮಾತೇ ಮುಖ್ಯವಾದ ಯಕ್ಷಗಾನದ) ಕೃಷ್ಣಸಂಧಾನ ನೆನಪಾಗುತ್ತದೆ. ಅಲ್ಲಿ ದ್ರೌಪದಿ ಬಿಚ್ಚಿದ ಮುಡಿ ತೋರಿಸಿ ಕೃಷ್ಣನನ್ನು ಕೇಳುತ್ತಾಳೆ. ಪಾತ್ರದ ಮಾತಾಡುವ ಒಳ್ಳೆಯ ಅರ್ಥಧಾರಿ ಸಿಕ್ಕಿದರೆ ಆ ಮಾತಿಗೆ ಸಭೆ ಮೌನವಾಗುತ್ತದೆ. ಆದರೆ ಹಸ್ತಿನಾವತಿಗೆ ಹೋಗಿ ಮಾತಾಡುವುದು ಅವಳಲ್ಲ. ಪತ್ರಿಕೆಗಳಲ್ಲಿ ‘ಸಂಧಾನಕಾರ’ ಎಂಬುದು ಬೇರೂರಿದೆ. ಸ್ತ್ರೀಲಿಂಗದ ರೂಪ ನನ್ನ ಕಣ್ಣಿಗೆ ಬಿದ್ದದ್ದು ತೀರಾ ಅಪರೂಪ. ಕಾದಂಬರಿಕಾರ್ತಿ ಆದ ಹಾಗೆ ‘ಸಂಧಾನಕಾರ್ತಿ’ ಆಗಬಹುದಲ್ಲ? ಕಥೆಗಾರ್ತಿ, ಹೋರಾಟಗಾರ್ತಿ ಎಂದು ‘ಗಾರ್ತಿ’ಯನ್ನೂ ಬಳಸುತ್ತೇವೆ, ಆದರೆ ಸಂಧಾನದ ಪಕ್ಕ ‘ಕಾರ್ತಿ’ಯೇ ಕಿವಿಗೆ ಹಿತ.

‘ಸಂಧಾನಕಾರರು’ ಎಂಬ ಬಹುವಚನ ಇಬ್ಬರಿಗೂ ಸಲ್ಲುತ್ತದೆ, ಹೆಣ್ಣಿಗೆ ಬೇರೆ ರೂಪ ಯಾಕೆ ಎಂದು ಕೆಲವರು ಕೇಳಬಹುದು. ವಾದದಲ್ಲಿ ತೂಕ ಇದೆ. ಆದರೆ ಯುದ್ಧದ ಸುದ್ದಿಯಲ್ಲಿ ಕನ್ನಡ ಯಾವ ಪದಕ್ಕೆ ತಡವಿಲ್ಲದೆ ಸ್ತ್ರೀರೂಪ ಕೊಟ್ಟಿದೆ ನೋಡಿ: ‘ಸಂತ್ರಸ್ತೆ’. ನೊಂದವಳಿಗೆ ಹೆಸರು ಸಿದ್ಧವಾಗಿದೆ, ಮಾತಿಗೆ ಕೂತವಳಿಗೆ ಇಲ್ಲ. ನಮ್ಮ ಜಿಲ್ಲೆಯಲ್ಲೇ ಕೀಟನಾಶಕ ಎಂಡೋಸಲ್ಫಾನ್‌ನಿಂದ ಮಕ್ಕಳು ನರಳಿದ ಅಮ್ಮಂದಿರು ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಸತ್ಯಾಗ್ರಹ ಕೂತರು. ಅವರನ್ನು ‘ಸಂತ್ರಸ್ತರ ತಾಯಂದಿರು’ ಎಂದು ಬರೆದದ್ದೇ ಹೆಚ್ಚು.

ಉತ್ತರ ಐರ್ಲೆಂಡಿನಲ್ಲಿ 1996ರಲ್ಲಿ ಹೆಂಗಸರೇ ಕಟ್ಟಿದ ಒಕ್ಕೂಟದಿಂದ ಮೋನಿಕಾ ಮೆಕ್‌ವಿಲಿಯಮ್ಸ್ ಮತ್ತು ಪರ್ಲ್ ಸೇಗರ್ ಶಾಂತಿ ಮಾತುಕತೆಗೆ ಆಯ್ಕೆಯಾಗಿ ಬಂದರು. ಒಪ್ಪಂದ ಆದದ್ದು 1998ರಲ್ಲಿ. ಫಿಲಿಪ್ಪೀನ್ಸ್ ಸರ್ಕಾರದ ಮುಖ್ಯ ಪ್ರತಿನಿಧಿಯಾಗಿ ಮೀರಿಯಂ ಕೊರೊನೆಲ್ ಫೆರರ್ ಮುಸ್ಲಿಂ ಬಂಡುಕೋರರ ಜೊತೆಗಿನ 2014ರ ಬಾಂಗ್ಸಾಮೊರೊ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಇವರನ್ನು ‘ಮಹಿಳಾ ಸಂಧಾನಕಾರರು’ ಎಂದರೆ ಗಂಡಸಿನ ಕುರ್ಚಿಯಲ್ಲಿ ಹೆಂಗಸು ಕೂತ ಹಾಗೆ ಕೇಳುತ್ತದೆ.

‘ರಾಜಿ’ ಎಂಬ ಪದ ಬಳಸಬಹುದೆಂದು ಒಬ್ಬರು ಸೂಚಿಸಿದರು. ರಾಜಿ ಪಂಚಾತಿಕೆ ನಮ್ಮೂರಲ್ಲಿ ಎಲ್ಲರಿಗೂ ತಿಳಿಯುವ ಮಾತು, ನಿಜ. ಆದರೆ ಹೆಣ್ಣಿನ ಮೇಲಿನ ದೌರ್ಜನ್ಯವನ್ನು ಎಷ್ಟೋ ಕಡೆ ರಾಜಿಯ ಹೆಸರಿನಲ್ಲೇ ಮುಚ್ಚಿಹಾಕುತ್ತಾರೆ. ಲೈಂಗಿಕ ಹಿಂಸೆಯ ಅಪರಾಧಗಳನ್ನು ಕ್ಷಮಾದಾನದಿಂದ ಹೊರಗಿಡಬೇಕೆಂದು ಭದ್ರತಾ ಮಂಡಳಿಯ 2008ರ 1820ನೇ ನಿರ್ಣಯ ಹೇಳುತ್ತದೆ. ಅದನ್ನು ವಿವರಿಸುವ ಪುಸ್ತಿಕೆಗೆ ರಾಜಿ ಬೇಡ.

‘ಮಾನಭಂಗ’ವೂ ಬೇಡ. 1949ರ ನಾಲ್ಕನೇ ಜಿನೀವಾ ಒಪ್ಪಂದ ಕೂಡ ಅತ್ಯಾಚಾರವನ್ನು ಹೆಣ್ಣಿನ ಮಾನದ ಮೇಲಿನ ದಾಳಿ ಎಂದೇ ಹೇಳಿತ್ತು. ಆದರೆ 1998ರಲ್ಲಿ ರುವಾಂಡಾದ ಅಂತರರಾಷ್ಟ್ರೀಯ ನ್ಯಾಯಮಂಡಳಿ ಮೇಯರ್ ಆಗಿದ್ದ ಅಕಾಯೆಸು ಎಂಬವನ ಪ್ರಕರಣದಲ್ಲಿ ಅತ್ಯಾಚಾರವೂ ನರಮೇಧದ ಕೃತ್ಯವಾಗಬಹುದು ಎಂದು ತೀರ್ಪು ಕೊಟ್ಟಿತು. ಭಂಗವಾದದ್ದು ಅವಳ ಮಾನ ಅಲ್ಲ.

ಕೊನೆಯದು, ಯುದ್ಧ ಮುಗಿದ ಮೇಲಿನ ಕೆಲಸಕ್ಕೆ ಪದ. ‘ಪುನರ್ವಸತಿ’ ಎಂದರೆ ಇರಲು ಜಾಗ ಸಿಕ್ಕಿತು ಎಂದಷ್ಟೇ ತಿಳಿಯುತ್ತಾರೆ. ‘ಪುನರ್ನಿರ್ಮಾಣ’ ಎಂದರೆ ಸೇತುವೆ, ಕಟ್ಟಡ. ‘ಚೇತರಿಕೆ’ ಜ್ವರ ಬಿಟ್ಟವರಿಗೆ ಸರಿ. ಸಿಯೆರಾ ಲಿಯೋನ್‌ನಲ್ಲಿ ಅಂತರ್ಯುದ್ಧ ಮುಗಿದಾಗ ಬಂದೂಕು ಒಪ್ಪಿಸಿದವರಿಗೆ ನೆರವು ಸಿಕ್ಕಿತು. ಬಂಡುಕೋರರು ಹೊತ್ತೊಯ್ದು ಅಡುಗೆ ಮಾಡಿಸಿದ, ಹೊರೆ ಹೊರಿಸಿದ ಎಷ್ಟೋ ಹೆಣ್ಣುಮಕ್ಕಳ ಕೈಯಲ್ಲಿ ಒಪ್ಪಿಸಲು ಬಂದೂಕು ಇರಲಿಲ್ಲ. ಹಾಗಾಗಿ ಅವರು ಪಟ್ಟಿಯಿಂದ ಹೊರಗೇ ಉಳಿದರು. ಮನೆ ಜೊತೆಗೆ ಕಸುಬು, ಜಮೀನಿನ ಹಕ್ಕು, ಮಗುವಿಗೆ ಶಾಲೆ, ಊರಿನವರ ನಡುವೆ ತಲೆಯೆತ್ತಿ ನಡೆಯುವುದು, ಎಲ್ಲವೂ ಸೇರುವ ಒಂದು ಪದ ಬೇಕು. ‘ಬದುಕು ಕಟ್ಟಿಕೊಳ್ಳುವುದು’ ಎಂದು ನಮ್ಮ ಹೆಂಗಸರೇ ಹೇಳುತ್ತಾರೆ. ಶೀರ್ಷಿಕೆಗೆ ಉದ್ದವಾದರೂ ಸದ್ಯ ಅದನ್ನೇ ಇಟ್ಟುಕೊಂಡಿದ್ದೇನೆ.

‘ಸಂಧಾನಕಾರ್ತಿ’ ಹಳೆಯ ಬರಹಗಳಲ್ಲಿ ಎಲ್ಲಾದರೂ ಸಿಕ್ಕಿದ್ದರೆ ತಿಳಿಸಿ. ಅಕ್ಕಲಕೋಟೆ, ಹೊಸೂರು, ಆದವಾನಿ ಕಡೆಯ ಗೆಳೆಯರಲ್ಲಿ ಇನ್ನೂ ಒಂದು ಕೋರಿಕೆ: ಎರಡು ಮನೆಗಳ ನಡುವೆ, ಎರಡು ಕೇರಿಗಳ ನಡುವೆ ಜಗಳ ಬಿಡಿಸಿ ಇತ್ಯರ್ಥ ಮಾಡುವ ಹೆಂಗಸಿಗೆ ನಿಮ್ಮಲ್ಲಿ ಆಡುಮಾತಿನ ಹೆಸರು ಇದೆಯೇ? ಮರಾಠಿ, ತಮಿಳು, ತೆಲುಗಿನಿಂದ ಬಂದದ್ದಾದರೂ ಸರಿ, ಕನ್ನಡ ಆಡುವವರ ಬಾಯಲ್ಲಿ ಇದ್ದರೆ ಸಾಕು. ಪುಸ್ತಿಕೆ ಅಚ್ಚಿಗೆ ಹೋಗುವ ಮೊದಲು ಬರೆದರೆ ಉಪಕಾರವಾಗುತ್ತದೆ.