ಪಾಠ ಮುಗಿಸಬೇಕೋ, ಮಕ್ಕಳಿಗೆ ಮುಟ್ಟಿಸಬೇಕೋ?

ಪ್ರಶ್ನೆ (ಶಿಕ್ಷಕಿ, ಯಾದಗಿರಿ):
ನಾನು ಆರನೆಯ ತರಗತಿಗೆ ಗಣಿತ ಕಲಿಸುತ್ತೇನೆ. ಮೊನ್ನೆ 1/2ಕ್ಕೆ 1/3ನ್ನು ಕೂಡಿಸಲು ಹೇಳಿದಾಗ, ಹೆಚ್ಚಿನ ಮಕ್ಕಳು ಮೇಲಿನ ಅಂಕಿಗೆ ಮೇಲಿನದನ್ನೂ ಕೆಳಗಿನ ಅಂಕಿಗೆ ಕೆಳಗಿನದನ್ನೂ ಕೂಡಿಸಿ 2/5 ಎಂದು ಬರೆದಿದ್ದರು. ತೊಗರಿ ರಾಶಿಯ ದಿನಗಳಲ್ಲಿ ಶಾಲೆ ತಪ್ಪಿಸಿದವರೂ ಅವರಲ್ಲಿದ್ದಾರೆ. ಪಠ್ಯ ಮುಗಿಸುವ ಅವಸರದಲ್ಲಿ ಮುಂದೆ ಸಾಗಿದರೆ, ನಾವು ಕಲಿಸುವುದಾದರೂ ಏತಕ್ಕೆ?

ಉತ್ತರ (ನಿವೃತ್ತ ಶಿಕ್ಷಕ, ಕಲಬುರಗಿ):
ಮೇಡಂ, ಆ 2/5ನ್ನು ಅಳಿಸದೆ ಅದನ್ನೇ ಪಾಠವಾಗಿಸಿರಿ. ಅರ್ಧ ರೊಟ್ಟಿ ಇದ್ದವನಿಗೆ ಇನ್ನೂ ಒಂದು ತುಂಡು ಕೊಟ್ಟ ಮೇಲೆ ಅವನ ಪಾಲು ಅರ್ಧಕ್ಕಿಂತ ಕಡಿಮೆಯಾಗುವುದು ಹೇಗೆಂದು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿರಿ. ಆ ಮೌನವನ್ನು ತಾಳಿಕೊಳ್ಳುವುದೇ ನಮಗೆ ಕಷ್ಟ. ಬಳಿಕ ಕಾಗದವನ್ನು ಆರು ಸಮಭಾಗವಾಗಿ ಮಡಿಸಿದರೆ, ಮೂರು ಮತ್ತು ಎರಡು ಸೇರಿ 5/6 ಆಗುವುದು ಕಣ್ಣಿಗೇ ಕಾಣುತ್ತದೆ. (ಕಟಕ್ ರೊಟ್ಟಿಯನ್ನೇ ಮುರಿಯಲು ಹೋಗಬೇಡಿರಿ, ನಾನು ಹೋದಾಗ ಪಾಲಿಗಿಂತ ಪುಡಿಯೇ ಹೆಚ್ಚಾಗಿತ್ತು.) ತನ್ನ ಉತ್ತರ ತಪ್ಪೆಂದು ಮಗು ತಾನೇ ಕಂಡುಕೊಂಡರೆ ಅದನ್ನು ನಾನು ಒಳ್ಳೆಯ ಬೋಧನೆ ಎನ್ನುತ್ತೇನೆ.

ಉತ್ತರ (ಪಾಲಕ, ಬೀದರ್):
ಗುರುಗಳ ಮಾತು ಸರಿಯೇ, ಆದರೆ ಅಂಕಗಳನ್ನು ಹಗುರವಾಗಿ ಕಾಣಬೇಡಿರಿ. ಸಂವಿಧಾನದ 371ಜೆ ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಮಕ್ಕಳಿಗೆ ಕಾಲೇಜು ಸೀಟುಗಳಲ್ಲಿ ಮೀಸಲಾತಿ ಇದ್ದರೂ, ಆ ಸೀಟುಗಳಿಗೂ ಅಂಕಗಳ ಪೈಪೋಟಿ ತಪ್ಪಿಲ್ಲ.

ಶಿಕ್ಷಕಿ, ಯಾದಗಿರಿ:
ಇಬ್ಬರಿಗೂ ವಂದನೆಗಳು. ಸೋಮವಾರದ ಗಣಿತದ ಅವಧಿಗೆ ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಕತ್ತರಿಸಿಟ್ಟುಕೊಂಡಿದ್ದೇನೆ.