ಬಣ್ಣದ ಪದರಮರದ ಬಾಣ: ಇಡೀ ಕಾಂಡವೋ, ಮುಂತುದಿ ಮಾತ್ರವೋ?

ಪ್ರಶ್ನೆ

ಚಾಕುವಿನ ಹಿಡಿಗಳಿಗೆ ಬಳಸುವ, ಬಣ್ಣ ಹಾಕಿದ ಬರ್ಚ್ ವೆನೀರ್‌ಗಳನ್ನು (ಮರದ ತೆಳು ಹಾಳೆಗಳನ್ನು) ರಾಳದೊಂದಿಗೆ ಒತ್ತಿ ತಯಾರಿಸಿದ ಪದರಮರದ ಉದ್ದನೆಯ ಪಟ್ಟಿಯೊಂದು ನನ್ನ ಬಳಿ ಇದೆ. ನನ್ನ ಲಾಂಗ್‌ಬೋ (ಉದ್ದ ಬಿಲ್ಲು) 40 ಪೌಂಡ್ ಎಳೆತದ್ದು. ಇದರಿಂದ 11/32 ಅಂಗುಲ ದಪ್ಪದ ಇಡೀ ಬಾಣವನ್ನೇ ಮಾಡಬಹುದೇ, ಅಥವಾ ಸೀಡರ್ ಕಾಂಡದ ತುದಿಗೆ ಮಾತ್ರ ಜೋಡಿಸುವುದು ಮೇಲೇ?

ಉತ್ತರ 1

ತುದಿಗೆ ಮಾತ್ರ ಜೋಡಿಸಿ. ಬರ್ಚ್ ಮರವೇ ಸೀಡರ್‌ಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ತೂಗುತ್ತದೆ. ಅದಕ್ಕೆ ರಾಳವೂ ಸೇರಿದರೆ ಬಾಣ ಭಾರವಾಗಿ ಬೇಗ ಕೆಳಗಿಳಿಯುತ್ತದೆ. ಅದೇ ಭಾರ ಮುಂತುದಿಯಲ್ಲಿದ್ದರೆ ತೊಂದರೆಗಿಂತ ಅನುಕೂಲವೇ ಹೆಚ್ಚು, ಏಕೆಂದರೆ ಬಾಣದ ತೂಕದ ಕೇಂದ್ರ ಮುಂದಕ್ಕೆ ಸರಿಯುತ್ತದೆ ಮತ್ತು ಮೊನೆಯ ಹಿಂದೆಯೇ ಮುರಿಯುವ ಸೀಡರ್‌ನ ದೌರ್ಬಲ್ಯವೂ ತಗ್ಗುತ್ತದೆ.

ಸುಮಾರು 20 ಸೆಂ.ಮೀ. ಉದ್ದದ ಚೌಕ ತುಂಡಿನ ನಡುವೆ 15 ಸೆಂ.ಮೀ. ಸೀಳು ಹಾಕಿ, ಉಳಿದ 5 ಸೆಂ.ಮೀ.ಯನ್ನು ಮೊನೆಗಾಗಿ ಗಟ್ಟಿಯಾಗಿಯೇ ಬಿಡಿ. ಸೀಡರ್ ಕಾಂಡದ ತುದಿಯನ್ನು ಎರಡು ಬದಿಯಿಂದ ಕೀಸುಳಿಯಲ್ಲಿ ಸೀಳಿನಷ್ಟೇ ಉದ್ದದ ಬೆಣೆಯಾಗಿ ಇಳಿಸಿ, ಎಪಾಕ್ಸಿ ಸವರಿ, ಸೀಳಿನೊಳಗೆ ನಿಧಾನವಾಗಿ ನೂಕಿ, ದಾರ ಬಿಗಿದು ಒಂದು ರಾತ್ರಿ ಬಿಡಿ. ಅವಸರದಲ್ಲಿ ನೂಕಿದರೆ ಸೀಳಿನ ಬುಡವೇ ಬಿರಿಯುತ್ತದೆ. ಮರುದಿನ ದುಂಡಗೆ ಕೀಸಬಹುದು. ಸೀಳನ್ನು ಪದರಗಳಿಗೆ ಸಮಾನಾಂತರವಾಗಿ ಹಾಕಿದ್ದರೆ, ಕೀಸಿದಂತೆಲ್ಲ ಬಣ್ಣಗಳು ಒಂದರೊಳಗೊಂದು ಚೂಪಾದ ನಾಲಿಗೆಗಳಾಗಿ ಮೂಡುತ್ತವೆ. ಅಡ್ಡವಾಗಿ ಹಾಕಿದ್ದರೆ ನೇರ ಪಟ್ಟೆಗಳಷ್ಟೇ ಕಾಣುತ್ತವೆ. ನೋಟಕ್ಕೆ ಮೊದಲನೆಯದೇ ಚೆಂದ, ಆದರೆ ಅದರ ರೆಕ್ಕೆಗಳ (ಸೀಳಿನ ಎರಡು ಬದಿಯ ಹೋಳುಗಳ) ತೆಳು ತುದಿ ಏಳದಂತೆ ಅಂಟು ಅಲ್ಲಿಯವರೆಗೂ ತಲುಪಿರಬೇಕು.

ಉತ್ತರ 2

ಇಡೀ ಕಾಂಡವನ್ನೇ ಮಾಡುವುದಾದರೆ, ಎಲ್ಲ ಪದರಗಳ ನಾರೂ ಉದ್ದಕ್ಕೇ ಹರಿದಿದೆಯೇ ಎಂದು ಮೊದಲು ನೋಡಿ. ಸಾಮಾನ್ಯ ಪ್ಲೈವುಡ್‌ನಲ್ಲಿ ಒಂದು ಬಿಟ್ಟು ಒಂದು ಪದರ ಅಡ್ಡಲಾಗಿರುತ್ತದೆ. ಅಂಥ ಕಾಂಡ ಬಿಲ್ಲಿನಲ್ಲೇ ಮುರಿದು ಬಿಲ್ಲು ಹಿಡಿದ ಕೈಗೆ ಚುಚ್ಚಿಕೊಳ್ಳಬಹುದು.

ಬಾಗುವಿಕೆಯನ್ನೂ ಅಳೆಯಲೇಬೇಕು. 26 ಅಂಗುಲ ಅಂತರದ ಎರಡು ಆಧಾರಗಳ ಮೇಲೆ ಕಾಂಡವನ್ನಿಟ್ಟು, ನಡುವೆ 2 ಪೌಂಡ್ ತೂಕ ತೂಗುಹಾಕಿ, ಅದು ಎಷ್ಟು ಅಂಗುಲ ಜಗ್ಗುತ್ತದೆಯೋ ಅದರಿಂದ 26ನ್ನು ಭಾಗಿಸಿದರೆ ಸ್ಪೈನ್, ಅಂದರೆ ಕಾಂಡದ ಬಿಗಿತದ ಅಳತೆ, ಸಿಗುತ್ತದೆ. ಅರ್ಧ ಅಂಗುಲ ಜಗ್ಗಿದರೆ 52 ಪೌಂಡ್. ಕಾಂಡವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ, ಎರಡು ದಿಕ್ಕಿನಲ್ಲೂ ಒಂದೇ ಅಂಕಿ ಬರುವುದು ಅಪರೂಪ. ನಾಕ್‌ನ (ಬಿಲ್ಲಿನ ಹೆದೆ ಕೂರುವ ಬಾಣದ ಹಿಂತುದಿಯ) ಸೀಳು ಪದರಗಳಿಗೆ ಅಡ್ಡವಾಗಿ ಬರುವಂತೆ ಕೂರಿಸಿದರೆ, ಪದರಗಳ ಅಂಚು ಬಿಲ್ಲಿನ ಕಡೆಗೆ ಇರುತ್ತದೆ.

ಉತ್ತರ 3

ಉಪ್ಪು ಕಾಗದದಿಂದ ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ, ಏಕೆಂದರೆ ಏಳುವ ಪುಡಿಯಲ್ಲಿ ರಾಳವೂ ಬಣ್ಣವೂ ಇರುತ್ತದೆ. ಕಡು ಬಣ್ಣದ ಪುಡಿ ತಿಳಿ ಸೀಡರ್‌ನ ನಾರಿನೊಳಗೆ ಇಳಿದರೆ ಕಲೆ ಹೋಗುವುದು ಕಷ್ಟ. ಆದ್ದರಿಂದ ಜೋಡಣೆಯ ಹಿಂದಿನ ಕಾಂಡಕ್ಕೆ ಮೊದಲೇ ಟೇಪ್ ಸುತ್ತಿಕೊಳ್ಳಿ.