ಬಣ್ಣ ‘ಏರುವುದು’ ಯಾವ ಕಡೆಗೆ? ತಲೆಗೂದಲ ಬಣ್ಣದ ಕೆಲಸಕ್ಕೆ ಬೇಕಾದ ಕೆಲವು ಪದಗಳು

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಹೇರ್ ಡ್ರೆಸ್ಸಿಂಗ್ ಕೆಲಸ ಕಲಿಯಲು ಬರುವ, ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಹುಡುಗಿಯರಿಗಾಗಿ ಕೂದಲಿಗೆ ಬಣ್ಣ ಹಾಕುವ ವಿಷಯದಲ್ಲಿ ಒಂದು ಕೈಪಿಡಿಯನ್ನೂ, ಸಲೂನಿಗೆ ಬರುವ ಗಿರಾಕಿಗಳಿಗೆ ಕೊಡಬಹುದಾದ ಎರಡು ಪುಟದ ತಿಳಿವಳಿಕೆ ಪತ್ರವನ್ನೂ ಸಿದ್ಧಪಡಿಸುತ್ತಿದ್ದೇನೆ. ಅದರ ಮೊದಲ ಕರಡಿನಲ್ಲಿ, ಈ ಕೆಲಸದವರು ‘ಲಿಫ್ಟ್’ ಎಂದು ಹೇಳುವ ಕ್ರಿಯೆಗೆ ನಾನು ‘ಏರಿಸು’ ಎಂಬ ಪದವನ್ನು ಬಳಸಿ, ‘ಕೂದಲಿನ ಬಣ್ಣವನ್ನು ಎರಡು ಮಟ್ಟ ಏರಿಸಬೇಕು’ ಎಂದು ಬರೆದಿದ್ದೆ. ಆ ಸಾಲನ್ನು ಓದಿದ ವಿದ್ಯಾರ್ಥಿನಿಯೊಬ್ಬಳು, ಅಭ್ಯಾಸಕ್ಕೆಂದು ಕೊಟ್ಟಿದ್ದ ಕೂದಲಿನ ಗೊಂಚಲಿಗೆ, ಇದ್ದದ್ದಕ್ಕಿಂತ ಎರಡು ಮಟ್ಟ ಕಪ್ಪಾದ ಬಣ್ಣವನ್ನು ಹಚ್ಚಿದಳು. ನಾನು ಬಯಸಿದ್ದು ಅದಕ್ಕೆ ಪೂರ್ತಿ ವಿರುದ್ಧವಾದದ್ದು, ಅಂದರೆ ಎರಡು ಮಟ್ಟ ತಿಳಿಯಾಗಿಸುವುದು. ಅವಳು ಕನ್ನಡವನ್ನು ಸರಿಯಾಗಿಯೇ ಓದಿದ್ದಳು ಎಂಬುದು ನನಗೆ ಹೊಳೆದದ್ದು ಆಮೇಲೆ. ಆದ್ದರಿಂದಲೇ ಈ ಪತ್ರ.

ಕನ್ನಡದಲ್ಲಿ ಬಣ್ಣ ‘ಏರುವುದು’ ಎಂದರೆ ಗಾಢವಾಗುವುದು. ಕಣ್ಣು ಕೆಂಪೇರುತ್ತದೆ, ಜಾತ್ರೆ ರಂಗೇರುತ್ತದೆ, ರಾತ್ರಿ ಹಚ್ಚಿಕೊಂಡು ಮಲಗಿದ ಮದರಂಗಿ ಬೆಳಗಾಗುವಷ್ಟರಲ್ಲಿ ಚೆನ್ನಾಗಿ ಏರಿರುತ್ತದೆ. ಬಿಳಿಯ ಕಡೆಗೆ ಹೋಗುವ ಚಲನೆಗೆ ನಾವು ಈ ಕ್ರಿಯಾಪದವನ್ನು ಸೇರಿಸುವುದೇ ಇಲ್ಲ. ಹೆದರಿದವರ ಮುಖ ಬಿಳಿಚಿಕೊಳ್ಳುತ್ತದೆಯೇ ಹೊರತು ಬಿಳಿಯೇರುವುದಿಲ್ಲ. ಆದರೆ ಸಲೂನುಗಳಲ್ಲಿ ಬಳಕೆಯಲ್ಲಿರುವ ಮಟ್ಟಗಳ ಅಳತೆಯಲ್ಲಿ 1 ಎಂದರೆ ಅಚ್ಚ ಕಪ್ಪು, 10 ಎಂದರೆ ಬಹಳ ತಿಳಿಯಾದ ಹೊಂಬಣ್ಣ. ಕೂದಲಿಗೆ ಸಹಜ ಬಣ್ಣ ಕೊಡುವ ಮೆಲನಿನ್ ಕರಗಿ ಬಣ್ಣ ತಿಳಿಯಾದಂತೆಲ್ಲ ಅಂಕಿ ಮೇಲಕ್ಕೆ ಹೋಗುವುದರಿಂದ ಇಂಗ್ಲಿಷಿನವರಿಗೆ ಅದು ‘ಎತ್ತುವ’ ಕೆಲಸವಾಗಿ ಕಂಡಿದೆ. ಅದೇ ಚಿತ್ರವನ್ನು ಕನ್ನಡಕ್ಕೆ ತಂದರೆ ನಮ್ಮ ಭಾಷೆಯಲ್ಲಿ ಬಣ್ಣದ ಕ್ರಿಯಾಪದಗಳಿಗೆ ಮೊದಲೇ ಇರುವ ದಿಕ್ಕಿಗೆ ಅದು ನೇರವಾಗಿ ಎದುರಾಗುತ್ತದೆ. ಕಾಗದದ ಮೇಲೆ ಇದು ಸಣ್ಣ ವಿಷಯ, ಒಬ್ಬರ ತಲೆಯ ಮೇಲೆ ಸಣ್ಣದಲ್ಲ.

ಈಗ ಎರಡನೆಯ ಕರಡಿನಲ್ಲಿ ಕಪ್ಪಿನ ಕಡೆಗೆ ಹೋಗುವುದನ್ನು ‘ಬಣ್ಣ ಏರಿಸುವುದು’ ಎಂದೂ, ತಿಳಿಯ ಕಡೆಗೆ ಹೋಗುವುದನ್ನು ‘ಬಣ್ಣ ಇಳಿಸುವುದು’ ಎಂದೂ ಬರೆದಿದ್ದೇನೆ. ಇದರಿಂದ ಈ ಕೆಲಸದ ಎರಡು ಮೂಲ ನಿಯಮಗಳು ಕನ್ನಡದಲ್ಲಿ ಚೊಕ್ಕವಾಗಿ ಕೂರುತ್ತವೆ. ಒಂದು, ‘ಅಂಕಿ ಏರಿದಂತೆ ಬಣ್ಣ ಇಳಿಯುತ್ತದೆ’. ಇನ್ನೊಂದು, ‘ಬಣ್ಣದ ಮೇಲೆ ಬಣ್ಣ ಹಚ್ಚಿದರೆ ಬಣ್ಣ ಇಳಿಯುವುದಿಲ್ಲ’. ಎರಡನೆಯ ನಿಯಮವನ್ನು ಗಿರಾಕಿಗಳಿಗೂ ತಿಳಿಸಲೇಬೇಕು. ಮನೆಯಲ್ಲಿ ಕಪ್ಪು ಡೈ ಹಾಕಿಕೊಂಡು ಬೇಸರವಾದ ಮೇಲೆ ಅದರ ಮೇಲೆ ಕಂದು ಬಣ್ಣದ ಡಬ್ಬಿಯನ್ನು ಹಚ್ಚಿದರೆ ಕೂದಲು ಕಂದಾಗುತ್ತದೆ ಎಂದು ನಂಬಿರುವವರು ಬಹಳ. ಆಗ ಹೊಸದಾಗಿ ಬೆಳೆದ ಬುಡ ಮಾತ್ರ ಬಣ್ಣ ಬದಲಿಸಿ, ಉಳಿದ ಉದ್ದವೆಲ್ಲ ಕಪ್ಪಾಗಿಯೇ ಉಳಿಯುತ್ತದೆ. ಆದರೂ ‘ಇಳಿಸು’ ಎಂಬ ಪದದ ಬಗ್ಗೆ ನನಗೊಂದು ಅಳುಕಿದೆ. ಸೀರೆಯ ಬಣ್ಣ ನೀರಿಗೆ ಬಿಟ್ಟುಕೊಂಡಾಗಲೂ ‘ಬಣ್ಣ ಇಳಿಯಿತು’ ಎನ್ನುವವರಿದ್ದಾರೆ. ಬೇಕೆಂದೇ ಇಳಿಸುವುದಕ್ಕೂ ಬೇಡವಾಗಿ ಇಳಿದುಹೋಗುವುದಕ್ಕೂ ಒಂದೇ ಪದ ಸಾಕೇ, ಅಥವಾ ಮೊದಲನೆಯದಕ್ಕೆ ‘ತಿಳಿಗೊಳಿಸು’ ಎಂಬುದೇ ವಾಸಿಯೇ ಎಂದು ಬಲ್ಲವರು ಹೇಳಬೇಕು.

ಈ ಜಾಗದಲ್ಲಿ ‘ಚಲುವೆ’ ಎಂಬ ಒಳ್ಳೆಯ ಪದವಿದೆಯಲ್ಲ ಎಂದು ಕೆಲವರಿಗೆ ತೋಚಬಹುದು. ಬಟ್ಟೆಯನ್ನು ಬೆಳ್ಳಗೆ ಮಾಡುವುದಕ್ಕೆ ಆ ಪದ ಇರುವುದು ನಿಜ. ಆದರೆ ಶಾಲೆಯ ಪಾಠದಲ್ಲಿ ಮಕ್ಕಳು ಕಲಿತಿರುವುದು ‘ಚಲುವೆ ಪುಡಿ’ ಎಂದು, ಮತ್ತು ಅದು ಬಾವಿಗೂ ಚರಂಡಿಗೂ ಹಾಕುವ ಬ್ಲೀಚಿಂಗ್ ಪೌಡರ್. ಕೂದಲಿಗೆ ಬಳಸುವುದು ಪರ್‌ಸಲ್ಫೇಟ್ ಇರುವ ಪುಡಿಯನ್ನು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಕಲಸಿದ ಮಿಶ್ರಣ. ಎರಡೂ ಬೇರೆ ಬೇರೆ ವಸ್ತುಗಳು. ಹೆಸರು ಒಂದೇ ಆದರೆ ಎಂದಾದರೂ ಯಾರಾದರೂ ತಪ್ಪು ಡಬ್ಬಿಯನ್ನು ತೆರೆದಾರು ಎಂಬ ಹೆದರಿಕೆಯಿಂದ ನಾನು ‘ಚಲುವೆ’ಯನ್ನು ಕೈಬಿಟ್ಟು ‘ಕೂದಲಿನ ಬ್ಲೀಚ್’ ಎಂದೇ ಉಳಿಸಿಕೊಂಡಿದ್ದೇನೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಪದಜೋಡಿ ‘ವಾರ್ಮ್’ ಮತ್ತು ‘ಕೂಲ್’. ಕೆಂಪು, ಕಿತ್ತಳೆ, ಹೊನ್ನಿನ ಕಡೆಗೆ ವಾಲುವ ಬಣ್ಣಗಳನ್ನು ವಾರ್ಮ್ ಎಂದೂ, ಬೂದಿ, ನೀಲಿ, ನೇರಳೆಯ ಕಡೆಗೆ ವಾಲುವವನ್ನು ಕೂಲ್ ಎಂದೂ ಹೇಳುವುದು ರೂಢಿ. ಕನ್ನಡದ ಕೆಲವು ಸೌಂದರ್ಯ ಅಂಕಣಗಳಲ್ಲಿ ಇವು ‘ಬೆಚ್ಚಗಿನ ಬಣ್ಣ’, ‘ತಂಪು ಬಣ್ಣ’ ಎಂದಾಗಿರುವುದನ್ನು ಕಂಡಿದ್ದೇನೆ. ಚಿತ್ರಕಲೆಯ ತರಗತಿಯಲ್ಲಿ ಇದು ನಡೆಯಬಹುದು. ತಲೆಯ ವಿಷಯಕ್ಕೆ ಬಂದರೆ ನಡೆಯುವುದಿಲ್ಲ, ಏಕೆಂದರೆ ತಲೆಗೆ ‘ತಂಪು’ ಎಂದೊಡನೆ ನಮ್ಮವರ ಮನಸ್ಸಿಗೆ ಬರುವುದು ಹರಳೆಣ್ಣೆ, ಮೆಂತ್ಯ, ಮದರಂಗಿ. ಮದರಂಗಿ ತಲೆಗೆ ತಂಪು ಎಂಬುದು ಮನೆಮನೆಯ ಮಾತು. ಆದರೆ ಅದರ ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣದ ಅಂಶ ಕೂದಲಿಗೆ ಕೊಡುವುದು ಕಿತ್ತಳೆಗೆಂಪು, ಅಂದರೆ ಈ ಕೆಲಸದ ಭಾಷೆಯಲ್ಲಿ ಅತ್ಯಂತ ‘ವಾರ್ಮ್’ ಆದ ಬಣ್ಣ. ‘ನಿಮಗೆ ತಂಪು ಬಣ್ಣ ಒಪ್ಪುತ್ತದೆ’ ಎಂದು ಸಲಹೆ ಪಡೆದ ಗಿರಾಕಿ, ಮನೆಗೆ ಹೋಗಿ ಮದರಂಗಿಯನ್ನೇ ಕಲಸಿಕೊಂಡರೆ ಅವರನ್ನು ಹೇಗೆ ದೂರುವುದು?

ಇದಕ್ಕೆ ಬದಲಾಗಿ ನಮ್ಮಲ್ಲಿ ‘ಕೆಂಚು’ ಎಂಬ ಅಚ್ಚುಕಟ್ಟಾದ ಪದವಿದೆ. ಕೆಂಚ, ಕೆಂಚಮ್ಮ, ಕೆಂಚಪ್ಪ ಎಂಬ ಹೆಸರುಗಳಲ್ಲಿ ಇರುವ, ಕೆಂಪೂ ಕಂದೂ ಬೆರೆತ ಆ ಬಣ್ಣವನ್ನು ಕೂದಲಿನ ಬಗ್ಗೆಯೇ ಆಡುವ ಮಾತಿನಲ್ಲಿ ನಾವು ಇಂದಿಗೂ ಬಳಸುತ್ತೇವೆ. ನಮ್ಮ ನಾಡಿನ ಹೆಚ್ಚಿನವರ ಸಹಜ ಕೂದಲು 1ರಿಂದ 3ರ ಮಟ್ಟದ ಆಸುಪಾಸಿನಲ್ಲಿರುತ್ತದೆ. ಅದನ್ನು ಇಳಿಸುತ್ತಾ ಹೋದರೆ ಒಳಗಿನ ಬಣ್ಣ ಒಂದೊಂದಾಗಿ ಬಯಲಾಗುತ್ತದೆ. 4ರ ಹೊತ್ತಿಗೆ ಕೆಂಪು, 6ರ ಹೊತ್ತಿಗೆ ಕಿತ್ತಳೆ, 8ಕ್ಕೆ ಹಳದಿ, 10ಕ್ಕೆ ಬಾಳೆಹಣ್ಣಿನ ಸಿಪ್ಪೆಯ ಒಳಮೈಯಂಥ ತಿಳಿಹಳದಿ. ಕಂದು ಬೇಕೆಂದು ಬಂದವರ ತಲೆ ಕೊನೆಗೆ ಕಿತ್ತಳೆಯಾಗಿ ಹೊಳೆಯುವುದಕ್ಕೆ ಕಾರಣ, ಹೀಗೆ ಬಯಲಾದ ಒಳಬಣ್ಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮೇಲೆ ಬಣ್ಣ ಹಚ್ಚುವುದು. ಕಿತ್ತಳೆಯನ್ನು ನೀಲಿ ಅಡಗಿಸುತ್ತದೆ, ಹಳದಿಯನ್ನು ನೇರಳೆ ಅಡಗಿಸುತ್ತದೆ. ‘ಆಶ್’ (ಬೂದಿ) ಎಂದು ಬರೆದ ಬಣ್ಣಗಳಲ್ಲಿ ಇಂಥ ಅಂಶಗಳು ಬೆರೆತಿರುವುದು ಅದಕ್ಕಾಗಿಯೇ. ಆದ್ದರಿಂದ ಕೈಪಿಡಿಯಲ್ಲಿ ಬೆಚ್ಚಗೆ, ತಂಪು ಎನ್ನುವ ಬದಲು ‘ಕೆಂಚಿನ ಕಡೆ’, ‘ಬೂದಿಯ ಕಡೆ’ ಎಂದು ಬರೆದು, ಬಯಲಾಗುವ ಬಣ್ಣಕ್ಕೆ ‘ಒಳಬಣ್ಣ’ ಎಂದು ಹೆಸರಿಟ್ಟಿದ್ದೇನೆ. ‘ಇವರ ಒಳಬಣ್ಣ ಬಹಳ ಕೆಂಚು, ಬೂದುಗಂದು ಹಾಕಿ ಅಡಗಿಸಬೇಕು’ ಎಂಬ ವಾಕ್ಯವನ್ನು ವಿದ್ಯಾರ್ಥಿಗಳು ಒಂದೇ ಓದಿಗೆ ಹಿಡಿದುಕೊಂಡರು.

ತೊಡಕು ಇರುವುದು ಗಿರಾಕಿಯ ಮುಂದೆ. ‘ಎಣ್ಣೆ ಕಾಣದೆ ತಲೆ ಕೆಂಚಾಗಿದೆ ನೋಡು’ ಎಂದು ಹಿರಿಯರಿಂದ ಬೈಸಿಕೊಂಡು ಬೆಳೆದವರು ನಾವು. ಆ ಪದಕ್ಕೆ ಆರೈಕೆಯಿಲ್ಲದ ಕೂದಲು ಎಂಬ ಛಾಯೆ ಅಂಟಿಕೊಂಡಿದೆ. ಹಣ ಕೊಟ್ಟು ಬಣ್ಣ ಹಾಕಿಸಿಕೊಳ್ಳಲು ಬಂದವರಿಗೆ ‘ನಿಮಗೆ ಕೆಂಚು ಒಪ್ಪುತ್ತದೆ’ ಎಂದರೆ ನೋವಾದೀತೇ? ತಿಳಿವಳಿಕೆ ಪತ್ರದಲ್ಲಿ ‘ಹೊಂಗಂದು’, ‘ತಾಮ್ರಗಂದು’, ‘ಜೇನುಬಣ್ಣ’ ಎಂದು ಬಿಡಿಬಿಡಿಯಾಗಿ ಹೇಳಿ, ‘ಕೆಂಚು’ ಪದವನ್ನು ಕೆಲಸಗಾರರ ನಡುವೆ ಮಾತ್ರ ಇಟ್ಟುಕೊಳ್ಳುವುದೇ ಉಚಿತವೆಂದು ಸದ್ಯಕ್ಕೆ ನನಗೆ ತೋರಿದೆ. ಡಬ್ಬಿಯ ಮೇಲಿನ ಹೆಸರುಗಳನ್ನಂತೂ ನಂಬುವಂತಿಲ್ಲ. ಯುರೋಪಿನವರ ಕೂದಲನ್ನು ನೋಡಿ ಹೆಸರಿಟ್ಟ ಈ ಅಳತೆಯಲ್ಲಿ 6ನೆಯ ಮಟ್ಟದ ಹೆಸರು ‘ಡಾರ್ಕ್ ಬ್ಲಾಂಡ್’, ಆದರೆ ನಮ್ಮ ಕಣ್ಣಿಗೆ ಅದು ತಿಳಿಗಂದು.

ಇನ್ನು ಆಡುಮಾತಿನ ‘ಡೈ’, ‘ಕಲರ್’, ‘ಮೆಹಂದಿ’ ಎಂಬ ಮೂರು ಪದಗಳು. ನರೆಯನ್ನು ಮುಚ್ಚಲು ಕಪ್ಪು ಹಾಕಿಸಿಕೊಂಡರೆ ಅದು ‘ಡೈ’, ಕಂದನ್ನೋ ಕೆಂಪನ್ನೋ ಚೆಂದಕ್ಕಾಗಿ ಹಾಕಿಸಿಕೊಂಡರೆ ಅದು ‘ಕಲರ್’ ಎಂಬ ವ್ಯತ್ಯಾಸವನ್ನು ಅಂಗಡಿಗಳಲ್ಲಿ ದಿನವೂ ಕೇಳುತ್ತೇನೆ. ‘ನಾನು ಡೈ ಹಾಕಲ್ಲ, ಕಲರ್ ಮಾತ್ರ’ ಎನ್ನುವವರ ಮನಸ್ಸಿನಲ್ಲಿ ಡೈ ಎಂದರೆ ಕೆಡುಕು, ಕಲರ್ ಎಂದರೆ ಸೌಮ್ಯ. ರಸಾಯನದ ದೃಷ್ಟಿಯಿಂದ ಹೆಚ್ಚಿನವು ಒಂದೇ ಬಗೆಯವು. ಎರಡರಲ್ಲೂ ಪೆರಾಕ್ಸೈಡ್ ಬೇಕು, ಎರಡರಲ್ಲೂ ಪಿಪಿಡಿ ಎಂದು ಚುಟುಕಾಗಿ ಕರೆಯುವ, ಕೆಲವರ ಚರ್ಮಕ್ಕೆ ಒಗ್ಗದ ಪ್ಯಾರಾಫಿನಿಲೀನ್‌ಡೈಅಮೀನ್ ಅಥವಾ ಅದರ ಸಂಬಂಧಿ ಇರಬಹುದು. ಮೆಹಂದಿಯ ಕತೆ ಇದಕ್ಕಿಂತ ಗಂಭೀರ. ಮದರಂಗಿ ಅಥವಾ ಗೋರಂಟಿ ಎಂದರೆ ಇಂದಿಗೂ ಗಿಡ, ಎಲೆ; ಮೆಹಂದಿ ಎಂದರೆ ಪೊಟ್ಟಣದ ಪುಡಿಯೂ ಆಗಬಹುದು. ಕೂದಲನ್ನು ಕಪ್ಪಾಗಿಸುತ್ತೇವೆ ಎನ್ನುವ ಪೊಟ್ಟಣಗಳಲ್ಲಿ ಎಷ್ಟೋ ಸಲ ಪಿಪಿಡಿ ಸೇರಿರುತ್ತದೆ, ಕೆಲವು ಬೆರಕೆ ಮೆಹಂದಿಗಳಲ್ಲಿ ಲೋಹದ ಲವಣಗಳೂ ಇರುತ್ತವೆ. ಲೋಹದ ಲವಣ ಕೂತಿರುವ ಕೂದಲಿಗೆ ಪೆರಾಕ್ಸೈಡ್ ತಾಗಿದರೆ ಬಿಸಿಯೇರಿ ಕೂದಲೇ ತುಂಡಾಗಬಹುದು. ಹೀಗಾಗಿ ಗಿರಾಕಿಗೆ ಕೇಳುವ ಪ್ರಶ್ನೆಯನ್ನು ‘ಮೆಹಂದಿ ಹಚ್ಚಿದ್ದೀರಾ?’ ಎಂದು ಬರೆಯದೆ, ‘ಅರೆದ ಎಲೆಯ ಮದರಂಗಿಯೇ, ಪೊಟ್ಟಣದ ಮೆಹಂದಿಯೇ, ಪೊಟ್ಟಣವಾದರೆ ಯಾವುದು?’ ಎಂದು ಬರೆದಿದ್ದೇನೆ. ಎರಡು ಪದಗಳ ನಡುವೆ ತಾನಾಗಿಯೇ ಮೂಡಿರುವ ಈ ಅರ್ಥಭೇದವನ್ನು ನಾವು ಬರಹದಲ್ಲಿ ಕಾಪಾಡಿಕೊಂಡರೆ ಅದು ಜನರ ಚರ್ಮವನ್ನೂ ಕಾಪಾಡುತ್ತದೆ ಎಂದು ನನ್ನ ನಂಬಿಕೆ.

ಚರ್ಮದ ಮಾತು ಬಂದಿತಾದ್ದರಿಂದ ಹೇಳುತ್ತೇನೆ: ಬಣ್ಣ ಹಾಕುವ 48 ಗಂಟೆ ಮೊದಲು ಕಿವಿಯ ಹಿಂದೆ ಅಥವಾ ಮೊಣಕೈಯ ಒಳಮಡಿಕೆಯಲ್ಲಿ ಸ್ವಲ್ಪ ಹಚ್ಚಿ ನೋಡುವ ‘ಪ್ಯಾಚ್ ಟೆಸ್ಟ್’ ಒಂದು ಕಡೆ ‘ತೇಪೆ ಪರೀಕ್ಷೆ’ಯಾಗಿತ್ತು. ತೇಪೆ ಹಾಕುವುದು ಹರಿದ ಬಟ್ಟೆಗೆ. ನಾನು ‘ಒಗ್ಗುವ ಪರೀಕ್ಷೆ’ ಎಂದಿದ್ದೇನೆ, ಏಕೆಂದರೆ ‘ನಂಗೆ ಡೈ ಒಗ್ಗಲ್ಲ’ ಎಂಬುದು ಜನರದೇ ಮಾತು. ತುರಿ, ಊತ, ನೀರುಗುಳ್ಳೆ ಕಂಡರೆ ಬಣ್ಣ ಹಾಕಬಾರದು ಎಂಬುದು ಆ ಪದದೊಳಗೇ ಇದೆ.

‘ಪರ್ಮನೆಂಟ್’ ಎಂಬುದನ್ನು ‘ಶಾಶ್ವತ ಬಣ್ಣ’ ಎನ್ನುವುದಕ್ಕೂ ನನ್ನ ವಿರೋಧವಿದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಮೂರು ನಾಲ್ಕು ವಾರಕ್ಕೆ ಬೈತಲೆಯಲ್ಲಿ ಬಿಳಿಗೆರೆ ಕಾಣುತ್ತದೆ, ಆಗ ಶಾಶ್ವತವೆಂದು ಹೇಳಿದವರ ಮಾತು ಸುಳ್ಳಾಗುತ್ತದೆ. ಸೀರೆ ಅಂಗಡಿಯಲ್ಲಿ ಕೇಳುವ ‘ಗಟ್ಟಿ ಬಣ್ಣ’ವೇ ಇಲ್ಲಿಗೂ ಸಾಕು; ತೊಳೆದರೆ ಹೋಗುವುದಿಲ್ಲ ಎಂದಷ್ಟೇ ಅದರ ಭರವಸೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಬಿಳಿಗೂದಲಿಗೆ ‘ಬೂದು ಕೂದಲು’ ಎಂಬ ಅನುವಾದ ಬೇಡ, ‘ನರೆ’ ಇದೆ. ‘ಬೂದು’ವನ್ನು ಆಶ್ ಬಣ್ಣಕ್ಕೆ ಉಳಿಸಿಕೊಳ್ಳಬೇಕು. ‘ನೆರೆ ಕೆನ್ನೆಗೆ’ ಎಂಬ ವಚನದ ಪಾಠವನ್ನು ನೆನೆದು ‘ನೆರೆಗೂದಲು’ ಎಂದೂ ಬರೆಯುವವರಿದ್ದಾರೆ, ಆದರೆ ನೆರೆಹಾವಳಿಯ, ನೆರೆಮನೆಯ ‘ನೆರೆ’ಗಳ ನಡುವೆ ಅದು ಕಳೆದುಹೋಗುವುದರಿಂದ ಕೈಪಿಡಿಗೆ ‘ನರೆ’ಯೇ ಮೇಲು. ಪೆರಾಕ್ಸೈಡ್‌ನ ಬಾಟಲಿಯ ಮೇಲಿನ ‘20 ವಾಲ್ಯೂಮ್’ ಎಂಬುದನ್ನು ವಿದ್ಯಾರ್ಥಿಗಳು 20 ಮಿಲಿಲೀಟರ್ ಎಂದು ಓದಿದ್ದುಂಟು. ಒಂದು ಅಳತೆ ದ್ರಾವಣದಿಂದ 20 ಅಳತೆ ಆಮ್ಲಜನಕ ಹೊರಡುತ್ತದೆ ಎಂಬುದು ಅದರ ಅರ್ಥವಾದ್ದರಿಂದ, 10 ವಾಲ್ಯೂಮ್‌ಗೆ ಶೇಕಡಾ 3, 20ಕ್ಕೆ ಶೇಕಡಾ 6, 30ಕ್ಕೆ 9, 40ಕ್ಕೆ 12 ಎಂದು ಬರೆಯುವುದು ಸುರಕ್ಷಿತ. ಕ್ರಿಯಾಪದಗಳಲ್ಲಿ ‘ಬಳಿ’ ಗೋಡೆಗೆ, ಸುಣ್ಣಕ್ಕೆ ಮತ್ತು ಮಸಿಗೆ ಸೇರಿದ್ದು, ತಲೆಗೆ ‘ಹಚ್ಚು’ವೇ ಸರಿ. ಫ್ರೆಂಚಿನಲ್ಲಿ ಗುಡಿಸುವುದು ಎಂಬ ಅರ್ಥದ ‘ಬಲಯಾಜ್’ ವಿಧಾನದಲ್ಲಿ ಬ್ರಷ್ಷನ್ನು ಎಳೆಯ ಮೇಲ್ಮೈಯಲ್ಲಿ ಹಗುರವಾಗಿ ಎಳೆಯುತ್ತಾರೆ. ಹುಬ್ಬು ತೀಡುವ, ಕುರುಳು ತೀಡುವ, ಕಾಡಿಗೆ ತೀಡುವ ನಮ್ಮ ‘ತೀಡು’ ಆ ಕೈಚಲನೆಗೆ ಹೇಳಿ ಮಾಡಿಸಿದಂತಿದೆ, ಆದ್ದರಿಂದ ‘ತೀಡುಬಣ್ಣ’ ಎಂದು ಬರೆದಿದ್ದೇನೆ.

ನನಗೆ ಇನ್ನೂ ಪದ ಸಿಗದಿರುವುದು ಒಂದೇ ಒಂದು ವಸ್ತುವಿಗೆ: ಬಣ್ಣ ಹಾಕಿದ ಮೇಲೆ ಬುಡದಲ್ಲಿ ಹೊಸದಾಗಿ ಬೆಳೆದು, ಹಳೆಯ ಬಣ್ಣಕ್ಕೂ ತಲೆಯ ಚರ್ಮಕ್ಕೂ ನಡುವೆ ಕಾಣುವ ಆ ಬೆರಳಗಲದ ಪಟ್ಟಿ. ‘ಬೇರು’ ಗಿಡಕ್ಕೆ ಸೇರಿದ್ದು, ‘ಬುಡ’ ಎಂದರೆ ಜಾಗ ಮಾತ್ರವಾಗುತ್ತದೆ, ‘ಮರುಬೆಳೆ’ ಎಂದರೆ ಹೊಲ ನೆನಪಾಗುತ್ತದೆ. ನೂಲಿಗೆ ಬಣ್ಣ ಹಾಕುವ ಮನೆತನದವರು, ತಲೆಮಾರುಗಳಿಂದ ಕ್ಷೌರದ ಕಸುಬಿನಲ್ಲಿರುವ ಮನೆಗಳವರು, ಕಲಬುರಗಿ, ಮಂಗಳೂರು, ಕೊಡಗಿನ ಕಡೆಯವರು ಬಳಗದಲ್ಲಿದ್ದರೆ, ತಮ್ಮ ಮನೆಯಲ್ಲಿ ಅಥವಾ ಅಂಗಡಿಯಲ್ಲಿ ಇದಕ್ಕೆ ಏನನ್ನುತ್ತಾರೆ, ‘ಕೆಂಚು’ ಎಂದರೆ ತಮ್ಮ ಕಡೆ ಹೊಗಳಿಕೆಯೋ ತೆಗಳಿಕೆಯೋ ಎಂದು ದಯವಿಟ್ಟು ತಿಳಿಸಬೇಕು.